ಬೊಲಾರಂನ ದೊಡ್ಡ ಮನೆ

ಅಕ್ಕಂದಿರೇ, ನಮ್ಮ ದೇಶದ ರಾಷ್ಟ್ರಪತಿ ಎಲ್ಲಿರ್ತಾರೆ? ದಿಲ್ಲಿಯಲ್ಲಿ. ಆ ಮನೆಗೆ ರಾಷ್ಟ್ರಪತಿ ಭವನ ಅಂತ ಹೆಸರು. ಅದರಲ್ಲಿ 340 ಕೋಣೆಗಳಿವೆ. ಇಂಗ್ಲಿಷರು ತಮ್ಮ ವೈಸರಾಯ್‌ಗಾಗಿ ಅದನ್ನು ಕಟ್ಟಿಸಿದರು. 1950ರ ಜನವರಿ 26ರಿಂದ ಅದು ರಾಷ್ಟ್ರಪತಿಯ ಮನೆ.

ದಿಲ್ಲಿ ಬಹಳ ದೂರ. ಆದರೆ ರಾಷ್ಟ್ರಪತಿಗೆ ನಮ್ಮ ಸಮೀಪವೂ ಒಂದು ಮನೆ ಇದೆ. ಅದು ಹೈದರಾಬಾದಿನ ಹತ್ತಿರ, ಸಿಕಂದರಾಬಾದಿನ ಬೊಲಾರಂನಲ್ಲಿದೆ. ಹೆಸರು ರಾಷ್ಟ್ರಪತಿ ನಿಲಯಂ. ನಿಲಯ ಅಂದ್ರೆ ಮನೆ. ಮಸರಕಲ್, ದೇವದುರ್ಗದ ಕಡೆಯಿಂದ ಹೈದರಾಬಾದಿಗೆ ಗುಳೆ ಹೋಗಿ, ಬೇರೆಯವರ ಮನೆ ಕಟ್ಟಿ ಬಂದವರು ಎಷ್ಟೋ ಮಂದಿ ಇದ್ದಾರೆ. ಈ ಮನೆಯ ಕಥೆ ಅವರೂ ಕೇಳಿರಲಿಕ್ಕಿಲ್ಲ.

ಇದನ್ನು ಕಟ್ಟಿದ್ದು 1860ರಲ್ಲಿ. 90 ಎಕರೆ ಜಾಗ. ಸುತ್ತಲೂ ಗಿಡಮರ, ತೋಟ. ಆದರೆ ಮನೆ ಒಂದೇ ಅಂತಸ್ತಿನದು. ಅಡುಗೆಮನೆ ಬೇರೆ ಕಟ್ಟಡದಲ್ಲಿದೆ. ಅಲ್ಲಿಂದ ಊಟದ ಕೋಣೆಗೆ ನೆಲದೊಳಗೆ ಒಂದು ಸುರಂಗ ಇದೆ. ಅಡುಗೆಯನ್ನು ಅದರೊಳಗಿಂದ ಒಯ್ಯುತ್ತಿದ್ದರು. ಬಡಿಸುವವರು ಬರುವ ದಾರಿ ಉಣ್ಣುವವರ ಕಣ್ಣಿಗೆ ಬೀಳಬಾರದು ಅಂತಿರಬೇಕು!

ಮೊದಲು ಇದರಲ್ಲಿ ಯಾರಿದ್ದರು? ಇಂಗ್ಲಿಷರ ರೆಸಿಡೆಂಟ್. ಆಗ ಹೈದರಾಬಾದ್ ರಾಜ್ಯಕ್ಕೆ ನಿಜಾಮ ದೊರೆ. ನಮ್ಮ ರಾಯಚೂರು ಸೀಮೆಯೂ ಅದೇ ರಾಜ್ಯದಲ್ಲಿತ್ತು. ನಿಜಾಮನ ಮೇಲೆ ಕಣ್ಣಿಡಲು ಇಂಗ್ಲಿಷರು ಇಟ್ಟ ದೊಡ್ಡ ಅಧಿಕಾರಿಯೇ ರೆಸಿಡೆಂಟ್. ಗಾದಿ ಮೇಲೆ ನಿಜಾಮ, ಮಾತು ನಡೆಯುವುದು ರೆಸಿಡೆಂಟನದು.

ಬೊಲಾರಂನಲ್ಲಿ ಒಂದು ಸೈನ್ಯವೂ ಇತ್ತು. ಹೆಸರಿಗೆ ನಿಜಾಮನ ಸೈನ್ಯ. ಅದನ್ನು ನಡೆಸುವವರು ಇಂಗ್ಲಿಷ್ ಅಧಿಕಾರಿಗಳು. ಪಗಾರ ಕೊಡುವವನು ಮಾತ್ರ ನಿಜಾಮ. ಪಗಾರ ಬಾಕಿ ಬಿತ್ತು. ಸಾಲ ಬೆಳೆಯಿತು. ಆಗ ಇಂಗ್ಲಿಷರು ಏನು ಮಾಡಿದರು? ಸಾಹುಕಾರ ಸಾಲಕ್ಕೆ ಹೊಲ ಹಿಡಿಯುವುದಿಲ್ಲವೇ, ಹಾಗೆ ಸೀಮೆಯನ್ನೇ ಹಿಡಿದರು. 1853ರಲ್ಲಿ ಬೇರಾರ್, ಧಾರಾಶಿವ ಮತ್ತು ಕೃಷ್ಣಾ ತುಂಗಭದ್ರಾ ನಡುವಿನ ನಮ್ಮ ರಾಯಚೂರು ಸೀಮೆ ಅವರ ಕೈ ಸೇರಿತು. ನಮ್ಮ ರೈತರು ಜೋಳ ಬೆಳೆದು ಕಟ್ಟಿದ ಕಂದಾಯ ಆ ಸೈನ್ಯದ ಪಗಾರಕ್ಕೆ ಹೋಯಿತು.

1857ರಲ್ಲಿ ಇಂಗ್ಲಿಷರ ವಿರುದ್ಧ ದೊಡ್ಡ ದಂಗೆ ಎದ್ದಿತು. ನಮ್ಮ ನೆರೆಯ ಸುರಪುರದ ರಾಜಾ ವೆಂಕಟಪ್ಪ ನಾಯಕ ಅವರ ಮೇಲೆ ತಿರುಗಿ ಬಿದ್ದ. ನಿಜಾಮ ಅವರ ಪರವಾಗಿ ನಿಂತ. ಅದರ ಇನಾಮಿನಂತೆ 1860ರಲ್ಲಿ ರಾಯಚೂರು ಸೀಮೆ ನಿಜಾಮನಿಗೆ ವಾಪಸು ಬಂತು. ಸುರಪುರವನ್ನೂ ಅವನಿಗೇ ಕೊಟ್ಟರು. ಬೊಲಾರಂನ ಮನೆ ಎದ್ದದ್ದೂ ಅದೇ ವರ್ಷ. ಅವರು ತಗೊಂಡರು, ಅವರೇ ಕೊಟ್ಟರು. ಹೊಲದಾಗ ಕಳೆ ಕೀಳೋರನ್ನು ಮಾತ್ರ ಯಾರೂ ಕೇಳಲಿಲ್ಲ.

1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು. ನಮಗೆ ಬರಲಿಲ್ಲ. ನಿಜಾಮ ಭಾರತಕ್ಕೆ ಸೇರಲು ಒಪ್ಪಲಿಲ್ಲ. 1948ರ ಸೆಪ್ಟೆಂಬರ್‌ನಲ್ಲಿ ಭಾರತದ ಸೈನ್ಯ ಬಂತು. 17ನೇ ತಾರೀಖು ನಿಜಾಮ ಸೋಲೊಪ್ಪಿದ. ಆಮೇಲೆ ಬೊಲಾರಂನ ಮನೆ ಸರ್ಕಾರದ್ದಾಯಿತು, ರಾಷ್ಟ್ರಪತಿಯ ಮನೆಯಾಯಿತು. 1956ರ ನವೆಂಬರ್ 1ರಂದು ರಾಯಚೂರು ಕನ್ನಡ ನಾಡಿಗೆ ಸೇರಿತು.

ಹೈದರಾಬಾದ್ ಪಟ್ಟಣದ ಕೋಠಿಯಲ್ಲಿ ರೆಸಿಡೆಂಟನಿಗೆ ಇನ್ನೂ ದೊಡ್ಡ ಬಂಗಲೆ ಇತ್ತು. 1949ರಲ್ಲಿ ಅದು ಹೆಣ್ಣುಮಕ್ಕಳ ಕಾಲೇಜಾಯಿತು. ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಈ ಸಂಗತಿ.

ರಾಷ್ಟ್ರಪತಿಗಳು ವರ್ಷಕ್ಕೊಮ್ಮೆ ಬೊಲಾರಂಗೆ ಬಂದು ಕೆಲವು ದಿನ ಇರುವುದು ರೂಢಿ. ಅವರನ್ನು ಆರಿಸುವವರು ಯಾರು? ಎಂ.ಪಿ.ಗಳು ಮತ್ತು ಎಂ.ಎಲ್.ಎ.ಗಳು. ದೇವದುರ್ಗದ ಎಂ.ಎಲ್.ಎ. ಕೂಡ ಅದಕ್ಕೆ ಮತ ಹಾಕುತ್ತಾರೆ. ಆ ಎಂ.ಎಲ್.ಎ.ಯನ್ನು ಆರಿಸುವವರು ನೀವು. 1860ರಲ್ಲಿ ಯಾರೂ ಕೇಳದವರನ್ನು ಈಗ ಕೇಳಲೇಬೇಕು. 2007ರಲ್ಲಿ ಪ್ರತಿಭಾ ಪಾಟೀಲರು ಮೊದಲ ಮಹಿಳಾ ರಾಷ್ಟ್ರಪತಿಯಾದರು. 2022ರಲ್ಲಿ ದ್ರೌಪದಿ ಮುರ್ಮು ಆ ಪದವಿಗೆ ಬಂದರು. ಅವರು ಒಡಿಶಾದ ಒಂದು ಹಳ್ಳಿಯ ಸಂತಾಲ ಬುಡಕಟ್ಟಿನವರು. ಹಿಂದೆ ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದರು.

ಮೊದಲು ಜನರನ್ನು ಆ ಮನೆಯೊಳಗೆ ವರ್ಷದಲ್ಲಿ ಕೆಲವೇ ದಿನ ಬಿಡುತ್ತಿದ್ದರು. 2023ರ ಯುಗಾದಿ ದಿನ ಮುರ್ಮು ಅವರು ಅದನ್ನು ವರ್ಷವಿಡೀ ನೋಡಲು ತೆರೆದರು. ರಾಷ್ಟ್ರಪತಿ ಬಂದು ಇರುವ ದಿನಗಳಲ್ಲಿ ಮಾತ್ರ ಬಿಡುವುದಿಲ್ಲ. ಚೀಟಿ ತಗೊಂಡು ಒಳಗೆ ಹೋಗಬೇಕು. ಕೋಣೆಗಳನ್ನು ನೋಡಬಹುದು. ಅಡುಗೆಯವರ ಆ ಸುರಂಗದಲ್ಲಿ ನಾವೂ ನಡೆಯಬಹುದು. ರಾಯಚೂರಿನಿಂದ ಹೈದರಾಬಾದಿಗೆ ರೈಲೂ ಇದೆ, ಬಸ್ಸೂ ಇದೆ. ಬಸ್ಸಿನ ಬೋರ್ಡು ನೀವೇ ಓದಿ ಹತ್ತಿರಿ.

ಮಾತಾಡಿ, ಬರೆಯಿರಿ: ನಿಜಾಮನ ಕಾಲ ಕಂಡ ಮುತ್ತವ್ವ, ಮುತ್ತಜ್ಜ ನಿಮ್ಮ ಓಣಿಯಲ್ಲಿ ಇದ್ದಾರೆಯೇ? ಆಗ ಕಂದಾಯ ಯಾರು ವಸೂಲಿ ಮಾಡುತ್ತಿದ್ದರು, ಕೊಡಲು ಆಗದಿದ್ದರೆ ಏನಾಗುತ್ತಿತ್ತು, ಕೇಳಿ. ಅವರು ಹೇಳಿದ್ದನ್ನು ಐದು ಸಾಲು ಬರೆದು ತನ್ನಿ.