ಮನಸ್ಸು ನೋಡಿ ಅಲ್ಲ, ಗಂಟೆ ನೋಡಿ

ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಮೇಯಿಸುವ ಮನೆಯ ಹೆಂಗಸು ಮಲಗಿಬಿಟ್ಟರೆ ಊರಿಗೆಲ್ಲ ಗೊತ್ತಾಗುತ್ತದೆ. ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಬಲಿತು ನಿಂತಿರುತ್ತದೆ, ಹುಳು ಮನೆಗೆ ಬೀಗ ಬಿದ್ದಿರುತ್ತದೆ, ಡೇರಿಗೆ ಹಾಲು ಹಾಕಲು ಶಾಲೆಗೆ ಹೋಗುವ ಮಗಳು ಬರುತ್ತಾಳೆ. ನಾನು ಹಾಗೆ ಮಲಗಿದ ವರ್ಷ ಅಮ್ಮ ತೀರಿಕೊಂಡಿದ್ದರು. ಅದರ ಹಿಂದೆಯೇ ಎರಡು ಬೆಳೆ ಹುಳು ಹಾಲುರೋಗಕ್ಕೆ ಹೋದವು. ಅದನ್ನು ದುಃಖ ಅನ್ನುವುದಕ್ಕೂ ಆಗುತ್ತಿರಲಿಲ್ಲ, ಅಳುವೇ ಬರುತ್ತಿರಲಿಲ್ಲ. ಬೆಳಗಿನ ಜಾವ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಊಟಕ್ಕೆ ರುಚಿಯಿಲ್ಲ. ತಲೆ ಬಾಚಿಕೊಳ್ಳುವುದೂ ದೊಡ್ಡ ಕೆಲಸ.

ನೆಂಟರಿಷ್ಟರು ಸುಮ್ಮನೆ ಕೂರಲಿಲ್ಲ. ಚಿಂತಾಮಣಿಯ ಭಾವ ಟೊಮೆಟೊ ದುಡ್ಡು ಬಂದ ಕೂಡಲೇ ಸಾಲಕ್ಕೆ ಕೊಡುತ್ತೇನೆ ಅಂದರು. ಗೌರಿಬಿದನೂರಿನ ಚಿಕ್ಕಮ್ಮ ಕಾರು ಮಾಡಿಸಿ ವಿದುರಾಶ್ವತ್ಥಕ್ಕೆ ಕರೆದುಕೊಂಡು ಹೋದರು. ನಾಗರಕಲ್ಲುಗಳ ಸಾಲು ಸುತ್ತಿ ಬಂದೆ, ಮನೆಗೆ ಬಂದವಳೇ ಮತ್ತೆ ಮಲಗಿದೆ. ಎಲ್ಲರ ಬಾಯಲ್ಲೂ ಒಂದೇ ಮಾತು: "ಎದ್ದು ಓಡಾಡಮ್ಮ, ಎಲ್ಲ ಸರಿಹೋಗ್ತದೆ." ಕೊನೆಗೆ ನನ್ನನ್ನು ಎಬ್ಬಿಸಿದ ಚಿಕಿತ್ಸೆ ಮೇಲ್ನೋಟಕ್ಕೆ ಇದೇ ಮಾತಿನಂತೆ ಕಾಣುತ್ತದೆ. ಆದರೆ ಎರಡಕ್ಕೂ ಇರುವ ಅಂತರ ದೊಡ್ಡದು.

ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡು ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದ್ದು. ನಮ್ಮ ಯಜಮಾನರು ಅಲ್ಲಿಗೆ ಕರೆದುಕೊಂಡು ಹೋದರು. ಡಾಕ್ಟರು ಇದು ಖಿನ್ನತೆ ಎಂದು ಹೇಳಿ ಮಾತ್ರೆ ಬರೆದರು, ಆಮೇಲೆ ಆಪ್ತಸಮಾಲೋಚಕಿಯ ಹತ್ತಿರ ಕಳಿಸಿದರು. ನನಗಿಂತ ಚಿಕ್ಕ ವಯಸ್ಸಿನ ಆಕೆ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿಕೊಟ್ಟರು. ಯಾವ ಗಂಟೆಗೆ ಏನು ಮಾಡಿದೆ, ಆಗ ಮನಸ್ಸು ಹೇಗಿತ್ತು, ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ. ಮೊದಲ ವಾರ ಬರೆಯುವುದಷ್ಟೇ, ಏನನ್ನೂ ಬದಲಾಯಿಸಬೇಕಿಲ್ಲ.

ಪುಸ್ತಕ ತಿರುವಿದಾಗ ನನಗೇ ಗೊತ್ತಿರದ ಸಂಗತಿ ಕಂಡಿತು. ದಿನವೆಲ್ಲ ಒಂದೇ ಕತ್ತಲೆ ಅಂದುಕೊಂಡಿದ್ದೆ, ಹಾಗಿರಲಿಲ್ಲ. ಮಧ್ಯಾಹ್ನ ಗೋಡೆ ಕಡೆ ತಿರುಗಿ ಮಲಗಿದ ಹೊತ್ತಿಗೆ ಅಂಕ ತಳ ಕಂಡಿತ್ತು. ಪಕ್ಕದ ಮನೆಯ ಅಕ್ಕ ಸೊಪ್ಪು ಕೇಳಲು ಬಂದು ಬಾಗಿಲಲ್ಲಿ ನಿಂತು ಮಾತಾಡಿಸಿದ ದಿನ ಸ್ವಲ್ಪ ಮೇಲೆ ಬಂದಿತ್ತು. "ನೀವು ಮಲಗೋದು ಆಯಾಸಕ್ಕೆ, ಆದರೆ ಮಲಗಿದಷ್ಟೂ ಆಯಾಸ ಹೆಚ್ತಿದೆ ನೋಡಿ," ಅಂದರು ಆಕೆ. "ಮನಸ್ಸು ಬಂದಾಗ ಮಾಡ್ತೀನಿ ಅಂತೀರಲ್ಲ ಅಕ್ಕಾ, ಈ ಕಾಯಿಲೇಲಿ ಮನಸ್ಸು ತಾನಾಗಿ ಬರಲ್ಲ. ಮನಸ್ಸು ನೋಡಬೇಡಿ, ಗಂಟೆ ನೋಡಿ ಮಾಡಿ."

ಇದಕ್ಕೆ ಬಿಹೇವಿಯರಲ್ ಆಕ್ಟಿವೇಷನ್ ಅನ್ನುತ್ತಾರೆ ಎಂದು ಆಮೇಲೆ ತಿಳಿಯಿತು. ಮನಸ್ಸು ಕುಗ್ಗಿದವರು ಕೆಲಸದಿಂದ, ಜನರಿಂದ ಹಿಂದೆ ಸರಿಯುತ್ತಾರೆ. ಸರಿದಷ್ಟೂ ಸಂತೋಷವಾಗಲಿ ಮಾಡಿದೆನೆಂಬ ತೃಪ್ತಿಯಾಗಲಿ ಸಿಗುವ ದಾರಿಗಳು ಮುಚ್ಚುತ್ತವೆ, ಮನಸ್ಸು ಇನ್ನೂ ಕುಗ್ಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್ಸನ್ 1970ರ ದಶಕದಲ್ಲೇ ಇದನ್ನು ಹೇಳಿದ್ದರು. 1996ರಲ್ಲಿ ನೀಲ್ ಜೇಕಬ್ಸನ್ ಮತ್ತು ಜೊತೆಗಾರರು, ಆಲೋಚನೆಗಳನ್ನು ತಿದ್ದುವ ಪೂರ್ತಿ ಚಿಕಿತ್ಸೆಯಷ್ಟೇ ಫಲ ಅದರ ಚಟುವಟಿಕೆಯ ಭಾಗವೊಂದರಿಂದಲೂ ಸಿಗುತ್ತದೆಂದು ತೋರಿಸಿದರು. ನನಗೆ ಹೆಚ್ಚು ಹತ್ತಿರವೆನಿಸಿದ್ದು ನಮ್ಮ ನೆರೆಯ ಗೋವಾದ ಕೆಲಸ. ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಊರಿನ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು, ಆರರಿಂದ ಎಂಟು ಭೇಟಿಗಳಲ್ಲಿ ತೀವ್ರ ಖಿನ್ನತೆಯವರಿಗೂ ಇದನ್ನು ಕೊಡಿಸಿದರು. ಫಲ ಸಿಕ್ಕಿದ ವರದಿ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು.

ನನ್ನ ಮೊದಲ ಕೆಲಸ ಹುಳು ಮನೆ ತೆರೆಯುವುದಾಗಿರಲಿಲ್ಲ. ಬೆಳಿಗ್ಗೆ ಏಳಕ್ಕೆ ತೋಟಕ್ಕೆ ಹೋಗಿ ಒಂದು ಹೊರೆ ಸೊಪ್ಪು ಕೊಯ್ದು ಅಕ್ಕನ ಮನೆಗೆ ಹಾಕಿ ಬರುವುದು, ಅಷ್ಟೇ. ಅದೂ ಆಗದ ದಿನಗಳಿದ್ದವು. ಆಗ ಆಪ್ತಸಮಾಲೋಚಕಿ ಬೈಯಲಿಲ್ಲ, ಹೊರೆಯನ್ನು ಅರ್ಧ ಮಾಡಿದರು.

ಒಂದು ದಿನ ಅಕ್ಕನ ಮನೆಯಲ್ಲಿ ಹುಳು ಹಣ್ಣಾಗಿತ್ತು. ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ಹೊತ್ತು, ಕಳೆದು ವಾರ ಪೂರ್ತಿ ಸೊಪ್ಪು ಮೇದ ಹುಳು ಮೈ ಹಳದಿ ತಿರುಗಿ, ತಿನ್ನುವುದು ಬಿಟ್ಟು, ತಲೆಯೆತ್ತಿ ಆಡಿಸುತ್ತದೆ. ಆಗ ಆಯ್ದು ಗೂಡು ಕಟ್ಟುವ ಚಂದ್ರಿಕೆಗೆ ಬಿಡಲೇಬೇಕು, ಎಷ್ಟು ಕೈ ಇದ್ದರೂ ಸಾಲದು. ನಾನೂ ಕೂತೆ. ಹಣ್ಣಾದದ್ದು ಯಾವುದು, ಇನ್ನೂ ಮೇಯುವುದು ಯಾವುದು ಎಂದು ಬೆರಳಿಗೆ ಗೊತ್ತಿತ್ತು. ಸುತ್ತ ಹೆಂಗಸರ ಮಾತು, ನಡುವೆ ಕಾಫಿ. ತಲೆಯೊಳಗೆ ಸುತ್ತುತ್ತಿದ್ದ ಯೋಚನೆ ಆ ಹೊತ್ತಿನಲ್ಲಿ ನಿಂತಿತ್ತೆಂದು ಮನೆಗೆ ಬಂದು ಪುಸ್ತಕ ತೆಗೆದಾಗಲೇ ಹೊಳೆದದ್ದು. ಆರು ಎಂದು ಬರೆದೆ. ವಿದುರಾಶ್ವತ್ಥ ಮಾಡಲಾಗದ್ದನ್ನು ಈ ಕೆಲಸ ಯಾಕೆ ಮಾಡಿತು ಎಂದು ಬಹಳ ಯೋಚಿಸಿದ್ದೇನೆ. ಅಲ್ಲಿಗೆ ನನ್ನನ್ನು ಒಯ್ದಿದ್ದರು, ಇಲ್ಲಿ ನನ್ನ ಕೈ ಬೇಕಾಗಿತ್ತು. ಅದು ಒಂದು ದಿನದ ಪ್ರವಾಸ, ಇದು ಮರುದಿನವೂ ಇರುವ ಕೆಲಸ.

ಹಾಗೆಂದು ಒಂದೇ ಬೆಳೆಯಲ್ಲಿ ವಾಸಿಯಾಗಲಿಲ್ಲ. ಮಾತ್ರೆಯನ್ನು ಡಾಕ್ಟರು ಹೇಳುವವರೆಗೂ ಬಿಡಲಿಲ್ಲ. ಕೆಲಸದ ಪಟ್ಟಿ ಇದೆಯೆಂದು ಔಷಧಿ ನಿಲ್ಲಿಸುವುದು ಅಪಾಯ. ಹೊಲ, ಮನೆ, ದನ ಎಂದು ದಿನವಿಡೀ ದುಡಿಯುವ ಹೆಂಗಸಿಗೂ ಖಿನ್ನತೆ ಬರುತ್ತದೆ. ಅವಳಿಗೆ ಇನ್ನಷ್ಟು ಕೆಲಸ ಹೊರಿಸುವುದು ಚಿಕಿತ್ಸೆಯಲ್ಲ. ಅವಳಿಗೆ ಹಿಂದೆ ಯಾವುದು ಪ್ರಿಯವಾಗಿತ್ತು, ಯಾವುದರಿಂದ ತೃಪ್ತಿ ಸಿಗುತ್ತಿತ್ತು ಎಂದು ಕೇಳಿ, ಅದರಲ್ಲಿ ಒಂದು ಚೂರನ್ನು ದಿನದೊಳಗೆ ಸೇರಿಸಬೇಕು.

ಮನೆಯಲ್ಲಿ ಯಾರಾದರೂ ಹೀಗೆ ಮಲಗಿದ್ದರೆ "ಎದ್ದೇಳು" ಎಂದು ಗದರಬೇಡಿ. ಯಾವ ಕೆಲಸ, ಎಷ್ಟು ಹೊತ್ತಿಗೆ ಎಂದು ಜೊತೆಗೆ ಕೂತು ಗೊತ್ತುಮಾಡಿ, ಮೊದಲ ದಿನ ಜೊತೆಗೇ ಹೋಗಿ. ಎರಡು ವಾರ ದಾಟಿದರೂ ಮನಸ್ಸು ಮೇಲೇಳದಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ. 14416 ಟೆಲಿ-ಮಾನಸ್ ಸಂಖ್ಯೆ. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.