ಗಾರೆ ಮೆತ್ತುವ ಮುಂಚೆ ಒಂದು ಖಾಲಿ ಪೈಪು

‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಅನ್ನೋ ಗಾದೆ ನನ್ನ ಮನೆ ವಿಷಯದಲ್ಲಿ ನಿಜವಾಯ್ತು. ಮನೆ ಕಟ್ಟಿಸುತ್ತಿರುವ ರೈತರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಶೇಂಗಾ, ರಾಗಿ ಬೆಳೆದು ಕೂಡಿಟ್ಟ ದುಡ್ಡಿಗೆ ಸಾಲವನ್ನೂ ಸೇರಿಸಿ 2021ರಲ್ಲಿ ಮನೆ ಕಟ್ಟಿಸಿದೆ. 9 ಇಂಚಿನ ಗೋಡೆ, ಮೇಲೆ ಮೋಲ್ಡು. ಕರೆಂಟಿನ ಪೈಪು, ನೀರಿನ ಪೈಪು ಎಲ್ಲ ಯೋಚಿಸಿದ್ದೆ. ಇಂಟರ್‌ನೆಟ್ ಮಾತ್ರ ‘ಗಾಳೀಲಿ ಬರುತ್ತಲ್ಲ, ಅದಕ್ಕೆ ಪೈಪು ಯಾಕೆ’ ಅಂತ ಬಿಟ್ಟೆ.

ಮರುವರ್ಷ ಹೆಂಡತಿಗೆ ಕಾಲಿನ ಆಪರೇಷನ್ ಆಯ್ತು. ಬೆಂಗಳೂರಲ್ಲಿ ಕೆಲಸದಲ್ಲಿರುವ ಮಗಳು, ‘ಎರಡು ತಿಂಗಳು ಇಲ್ಲಿಂದಲೇ ಕೆಲಸ ಮಾಡ್ತೀನಿ, ಅವ್ವನ್ನ ನೋಡ್ಕೋತೀನಿ’ ಅಂತ ಬಂದಳು. ರೂಟರ್ ಇದ್ದದ್ದು ಪಡಸಾಲೆಯಲ್ಲಿ. ಎರಡು ಗೋಡೆ ದಾಟಿ ಹಿಂದಿನ ಕೋಣೆಗೆ ಹೋಗುವಷ್ಟರಲ್ಲಿ ಸಿಗ್ನಲ್ ಸೊರಗುತ್ತಿತ್ತು. ಮೀಟಿಂಗ್ ನಡುವೆ ಮಾತು ಕಟ್. ಪಡಸಾಲೆಯಲ್ಲಿ ಕೂತರೆ ರೋಗಿ ನೋಡಲು ಬಂದ ನೆಂಟರ ಗದ್ದಲ. ಹತ್ತೇ ದಿನಕ್ಕೆ ಅವಳು ವಾಪಸ್ ಹೋಗಬೇಕಾಯ್ತು. ಹೆಂಡತಿ ಏನೂ ಅನ್ನಲಿಲ್ಲ, ನನಗೇ ಚುಚ್ಚಿತು. ಆಮೇಲೆ ಬಣ್ಣ ಬಳಿದ ಗೋಡೆ ಕೊರೆಸಿ ಪೈಪು ಕೂರಿಸಿದೆ. ಕೊರೆದದ್ದು, ಮತ್ತೆ ಗಾರೆ, ಮತ್ತೆ ಬಣ್ಣ ಸೇರಿ ಮೊದಲೇ ಹಾಕಿದ್ದರೆ ಆಗುತ್ತಿದ್ದ ಖರ್ಚಿನ ನಾಲ್ಕು ಪಟ್ಟು ಆಯ್ತು.

ಈಗ ತಮ್ಮ ಮನೆ ಕಟ್ಟಿಸುತ್ತಿದ್ದಾನೆ. ಅಲ್ಲಿ ಮಾಡಿಸಿದ್ದು ಹೀಗೆ:

1. ಜಾಗ ಗುರುತಿಸುವುದು: ಗೋಡೆ ಎದ್ದ ಮೇಲೆ, ಗಾರೆಗೆ ಮುಂಚೆ, ಸೀಮೆಸುಣ್ಣ ಹಿಡಿದು ಮನೆಯವರೆಲ್ಲ ಓಡಾಡಿ. ಓದುವ ಮೇಜು ಎಲ್ಲಿ, ಟಿ.ವಿ. ಎಲ್ಲಿ, ಕ್ಯಾಮೆರಾ ಎಲ್ಲಿ ಅಂತ ಗುರುತು ಹಾಕಿ. ರೂಟರ್ ಆದಷ್ಟು ಮನೆಯ ನಡುವೆ, ಎತ್ತರದಲ್ಲಿ ಇರಲಿ. ಪಕ್ಕದಲ್ಲೇ ಪ್ಲಗ್ಗು ಬೇಕು. ಕಬ್ಬಿಣದ ಬೀರು ಒಳಗೆ ಇಡಬೇಡಿ, ಸಿಗ್ನಲ್ ಹೊರಗೆ ಬರೋಲ್ಲ.

2. ಪೈಪು: ಡ್ರಿಪ್ಪಿನ ಮೇನ್ ಲೈನಿನಿಂದ ಸಾಲು ಸಾಲಿಗೆ ಪೈಪು ಕವಲೊಡೆಯುತ್ತೆ. ಇಲ್ಲಿ ಹಾಗಲ್ಲ. ರೂಟರ್ ಜಾಗದಿಂದ ಒಂದೊಂದು ಗುರುತಿಗೂ ಬೇರೆ ಬೇರೆ ಕೇಬಲ್ ಹೋಗಬೇಕು, ನಡುವೆ ಜಾಯಿಂಟ್ ಕೂಡದು. 25 ಮಿ.ಮೀ. ಪಿ.ವಿ.ಸಿ. ಪೈಪಿನಲ್ಲಿ ಎರಡು ಕೇಬಲ್ ಆರಾಮಾಗಿ ಹೋಗುತ್ತವೆ. ಮೂಲೆಯಲ್ಲಿ ಎಲ್ಬೋ ಬೇಡ, ಉದ್ದನೆಯ ಬೆಂಡ್ ಹಾಕಿಸಿ. ಎರಡು ಬೆಂಡಿಗಿಂತ ಹೆಚ್ಚಾದರೆ ನಡುವೆ ಬಾಕ್ಸ್ ಇಡಿ. ಇಲ್ಲದಿದ್ದರೆ ಕೇಬಲ್ ಎಳೆಯಲು ಬರೋಲ್ಲ.

3. ಕರೆಂಟಿನಿಂದ ದೂರ: ಕರೆಂಟ್ ವೈರು ಇರುವ ಪೈಪಿನಲ್ಲಿ ಈ ಕೇಬಲ್ ಸೇರಿಸಲೇಬೇಡಿ, ಅಪಾಯ. ಪಕ್ಕಪಕ್ಕ ಹೋಗುವಾಗ ಒಂದು ಅಡಿ ಅಂತರವಿರಲಿ. ದಾಟಲೇಬೇಕಾದರೆ ಅಡ್ಡಕ್ಕೆ ನೇರ ದಾಟಲಿ.

4. ಕೇಬಲ್: ಅಂಗಡಿಯಲ್ಲಿ ‘ಕ್ಯಾಟ್ 6’ ಅಂತ ಕೇಳಿ. ಒಳಗೆ 8 ತಂತಿ, ಎರಡೆರಡು ಹೆಣೆದು 4 ಜೊತೆ ಇರುತ್ತವೆ. ಪೂರ್ತಿ ತಾಮ್ರದ್ದೇ ಬೇಕು. ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಬೇಡ. ಒಂದು ಕೇಬಲ್ ತುದಿಯಿಂದ ತುದಿಗೆ 100 ಮೀಟರ್ ದಾಟಬಾರದು.

5. ಹೊರಗಿನಿಂದ ಬರುವ ದಾರಿ: ಕಂಬದಿಂದ ಬರುವ ಫೈಬರ್ ಅಂದರೆ ಗಾಜಿನ ಎಳೆ, ಮಡಿಸಿದರೆ ಮುರಿಯುತ್ತೆ. ಅದಕ್ಕೆ ಹೊರಗೋಡೆಯಿಂದ ರೂಟರ್ ತನಕ ಬೇರೆ ಪೈಪು ಬಿಡಿ. ಮಳೆನೀರು ಒಳಗೆ ಬಾರದ ಹಾಗೆ ಹೊರತುದಿ ಕೆಳಮುಖವಾಗಿರಲಿ. ಕೊಟ್ಟಿಗೆಗೋ ಪಂಪ್ ಮನೆಗೋ ಎಳೆಯುವುದಾದರೆ ಫೈಬರೇ ವಾಸಿ. ಬಯಲಲ್ಲಿ ಹೋಗುವ ತಾಮ್ರದ ಕೇಬಲ್ಲಿನಲ್ಲಿ ಸಿಡಿಲಿನ ಹೊಡೆತ ಮನೆಯೊಳಗಿನ ಸಾಮಾನಿಗೂ ಬರಬಹುದು.

ಈಗ ದುಡ್ಡಿಲ್ಲವೇ? ಕೇಬಲ್ ಆಮೇಲೆ ತನ್ನಿ. ಖಾಲಿ ಪೈಪು ಹಾಕಿಸಿ, ಒಳಗೊಂದು ಜಿ.ಐ. ತಂತಿ ಬಿಟ್ಟು, ಸಿಮೆಂಟು ಹೋಗದಂತೆ ಬಾಯಿ ಕಟ್ಟಿ. ಬೇಕಾದಾಗ ಆ ತಂತಿಗೆ ಕೇಬಲ್ ಕಟ್ಟಿ ಎಳೆದರೆ ಆಯ್ತು. ನನ್ನ ತಮ್ಮನೂ ಹಾಗೇ ಮಾಡಿದ್ದಾನೆ. ಎರಡು ಕೋಣೆಗೆ ಕೇಬಲ್, ಉಳಿದದ್ದು ಖಾಲಿ ಪೈಪು.

ಕೊನೆಯದಾಗಿ, ಗಾರೆ ಮೆತ್ತುವ ಹಿಂದಿನ ದಿನ ಪ್ರತಿ ಗೋಡೆಗೂ ಟೇಪು ಹಿಡಿದು ಫೋಟೋ ತೆಗೆಯಿರಿ. ಪೈಪು ಹೋದ ದಾರಿ ಒಂದು ಹಾಳೆಯಲ್ಲಿ ಬರೆದು ಪಹಣಿ ಇಡುವ ಪೆಟ್ಟಿಗೆಯಲ್ಲೇ ಇಡಿ. ನಾಳೆ ಗೋಡೆಗೆ ಮೊಳೆ ಹೊಡೆಯುವ ಮುಂಚೆ ಅದನ್ನ ನೋಡಬೇಕಾಗುತ್ತೆ.