ಅಚ್ಚಿನ ಸ್ಪಷ್ಟತೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಯಕ್ಷಗಾನದ ಸುದ್ದಿಯನ್ನು ಕರಪತ್ರಗಳೂ ಸಾರುತ್ತವೆ. ಅಚ್ಚು ಮಸುಕಾಗಿ 3 ಎಂಬ ಅಂಕಿ 8ರಂತೆ ಕಂಡರೆ ಪ್ರೇಕ್ಷಕನು ಆಟ ಮುಗಿದ ಮೇಲೆ ಬಂದಾನು! ಗಣಕದ ಪರದೆಯ ಮೇಲೆ ಸ್ಫುಟವಾಗಿದ್ದ ಅಕ್ಷರವು ಕಾಗದದ ಮೇಲೆ ಮಸುಕಾಗುವುದೇಕೆ?

ಇಂಕ್‌ಸ್ಕೇಪಿನಂತಹ ತಂತ್ರಾಂಶವು ಅಕ್ಷರವನ್ನು ರೇಖೆಗಳ ಗಣಿತವಾಗಿ ಇರಿಸಿಕೊಳ್ಳುತ್ತದೆ. ಎಷ್ಟು ಹಿಗ್ಗಿಸಿದರೂ ಅದರ ಅಂಚು ಕೆಡದು. ಅದನ್ನೇ ಅಂಗುಲಕ್ಕೆ 96 ಬಿಂದುಗಳ ಚಿತ್ರವಾಗಿಸಿದರೆ ಆ ಗುಣ ಅಳಿಯುತ್ತದೆ. 8 ಅಂಗುಲದ ಅಗಲಕ್ಕೆ ಆಗ ದೊರೆಯುವುದು 768 ಬಿಂದುಗಳು ಮಾತ್ರ. ಸ್ಫುಟವಾದ ಮುದ್ರಣಕ್ಕೆ, ಅಂಗುಲಕ್ಕೆ 300ರಂತೆ, 2400 ಬಿಂದುಗಳು ಬೇಕು.

ಆದುದರಿಂದ ಮುದ್ರಣಾಲಯಕ್ಕೆ ಪಿಡಿಎಫ್ ಕಡತವನ್ನು ಕೊಡುವುದು ಲೇಸು. ಅದರಲ್ಲಿ ರೇಖೆಗಳು ರೇಖೆಗಳಾಗಿಯೇ ಉಳಿಯುತ್ತವೆ. ಆದರೆ ಮಸುಕಾದ ಛಾಯಾಚಿತ್ರವನ್ನು ಅದರಲ್ಲಿ ಇರಿಸಿದ ಮಾತ್ರಕ್ಕೆ ಅದು ಸ್ಪಷ್ಟವಾಗದು. ಮೂಲದಲ್ಲಿ ಇಲ್ಲದ ವಿವರವನ್ನು ಯಾವ ಯಂತ್ರವೂ ಮರಳಿ ತಂದುಕೊಡಲಾರದು.